ಅಡಿಕೆ ಸೋಗೆ ಹಳದಿ ಆಯಿತು ಅಂದ ಮಾತ್ರಕ್ಕೆ ಅದು ಹಳದಿ ಎಲೆ ರೋಗವಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಮೂರು ಎಕರೆ ಅಡಿಕೆ ತೋಟ, ಮರಗಳಿಗೆ 14 ವರ್ಷ. ಎರಡು ಗುಡ್ಡದ ನಡುವಿನ ತಗ್ಗು ಜಾಗ, ಮೊದಲು ಗದ್ದೆಯಾಗಿತ್ತು. ಹೋದ ವರ್ಷ ಪಿಕಪ್ ಒಳಗೆ ಬರಲಿ ಅಂತ ಒಂದು ಬಸಿಗಾಲುವೆ ಮುಚ್ಚಿ ದಾರಿ ಮಾಡಿಸಿದೆವು. ಈ ಸಲ ಅಕ್ಟೋಬರಿನಿಂದ ಸುಮಾರು 60 ಮರಗಳ ಸೋಗೆ ಹಳದಿಯಾಗಿದೆ, ಹರಳು (ಎಳೆಕಾಯಿ) ಉದುರುತ್ತಿದೆ. ಪಕ್ಕದ ತೋಟದವರು ನೋಡಿ, ಕೊಪ್ಪ ಶೃಂಗೇರಿ ಕಡೆಯ ಹಳದಿ ಎಲೆ ರೋಗ ಬಂದಿದೆ, ಕಡಿಸಿಬಿಡಿ ಅಂದರು. ಗೊಬ್ಬರದ ಅಂಗಡಿಯಲ್ಲಿ ಒಂದು ಶಿಲೀಂಧ್ರನಾಶಕ, ಒಂದು ಟಾನಿಕ್, ಒಂದು ಲಘು ಪೋಷಕಾಂಶದ ಪುಡಿ ಕೊಟ್ಟರು. ಕೂಲಿ ಸೇರಿ 18 ಸಾವಿರ ಖರ್ಚಾಯಿತು. ಎರಡು ತಿಂಗಳಾದರೂ ಏನೂ ಬದಲಾಗಿಲ್ಲ. ಮೂರು ಫೋಟೊ ಕಳಿಸಿದ್ದೇನೆ. ಯಾವ ಔಷಧಿ ಹೊಡೆಯಬೇಕು, ತಿಳಿಸಿ.

ಉತ್ತರ: ನಮಸ್ಕಾರ. ಮೊದಲು ಎರಡು ಮಾತು. ಮರ ಕಡಿಸಬೇಡಿ. ಇನ್ನೊಂದು ಬಾಟಲಿಯನ್ನೂ ತರಬೇಡಿ. ಕನಿಷ್ಠ ಇನ್ನು ಹದಿನೈದು ದಿನ.

ನಿಮ್ಮ ಫೋಟೊ ನೋಡಿದೆ. ಒಂದು ದಾರಿಯಿಂದ ತೆಗೆದದ್ದು, ದೂರದಲ್ಲಿ ಹಳದಿ ಮಂಡೆಗಳು, ಅಂದರೆ ಮರದ ತುದಿಯ ಸೋಗೆಗಳ ಗುಂಪು, ಕಾಣುತ್ತವೆ. ಇನ್ನೊಂದರಲ್ಲಿ ಕೆಳಗೆ ಬಿದ್ದ ಒಂದು ಸೋಗೆ ಇದೆ. ಮೂರನೆಯದನ್ನು ಆಕಾಶಕ್ಕೆ ಹಿಡಿದು ತೆಗೆದಿದ್ದೀರಿ, ಅದರಲ್ಲಿ ಬಣ್ಣವೇ ತಿಳಿಯುತ್ತಿಲ್ಲ. ಈ ಮೂರು ಫೋಟೊ ನೋಡಿ ಯಾರಾದರೂ ಇಂಥದ್ದೇ ರೋಗ, ಇಂಥದ್ದೇ ಔಷಧಿ ಅಂತ ಹೇಳಿದರೆ ಅದು ಊಹೆ ಅಷ್ಟೇ. ನಾನೂ ಹೇಳಲಾರೆ. ಆದರೆ ನಿಮ್ಮ ಪತ್ರದ ನಡುವೆ ನೀವೇ ಒಂದು ಸಾಲು ಬರೆದಿದ್ದೀರಿ, ಬಸಿಗಾಲುವೆ ಮುಚ್ಚಿ ದಾರಿ ಮಾಡಿಸಿದೆವು ಅಂತ. ನನಗೆ ಮೂರು ಫೋಟೊಗಿಂತ ಆ ಒಂದು ಸಾಲೇ ಜಾಸ್ತಿ ಹೇಳಿತು. ಅದಕ್ಕೆ ಆಮೇಲೆ ಬರುತ್ತೇನೆ.

ಹಳದಿ ಅಂದರೆ ಎಲೆಯಲ್ಲಿ ಹಸಿರು ಕಡಿಮೆಯಾಗಿದೆ ಅಂತ ಅರ್ಥ, ಬೇರೇನೂ ಅಲ್ಲ. ಬೇರಿನ ಹತ್ತಿರ ನೀರು ನಿಂತರೂ ಸೋಗೆ ಹಳದಿಯಾಗುತ್ತದೆ, ಬೇಸಿಗೆಯಲ್ಲಿ ನೀರು ಸಾಲದಿದ್ದರೂ ಆಗುತ್ತದೆ. ಬೇರುಹುಳ ತಿಂದರೂ ಆಗುತ್ತದೆ, ಬುಡಕ್ಕೆ ಅಣಬೆ ರೋಗ ಬಂದರೂ ಆಗುತ್ತದೆ. ಪೊಟ್ಯಾಷ್ ಇಲ್ಲದಿದ್ದರೆ ಹಳದಿ, ಮೆಗ್ನೀಷಿಯಂ ಇಲ್ಲದಿದ್ದರೆ ಹಳದಿ. ಹಳದಿ ಎಲೆ ರೋಗ ಅಂತ ನಾವು ಕರೆಯುವ ಆ ಕಾಯಿಲೆಯಲ್ಲೂ ಹಳದಿ. ಆ ರೋಗಕ್ಕೆ ಬಣ್ಣದ ಹೆಸರನ್ನೇ ಇಟ್ಟುಬಿಟ್ಟದ್ದರಿಂದ ನಮ್ಮ ರೈತರಿಗೆ ದೊಡ್ಡ ತೊಂದರೆಯಾಗಿದೆ ಅಂತ ನನಗೆ ಯಾವಾಗಲೂ ಅನಿಸುತ್ತದೆ. ಸೋಗೆ ಹಳದಿ ಕಂಡ ತಕ್ಷಣ ಜನರಿಗೆ ಆ ಹೆಸರೇ ನೆನಪಾಗುತ್ತದೆ, ಎದೆ ಧಸಕ್ಕೆನ್ನುತ್ತದೆ. ಇನ್ನೊಂದು ಕಷ್ಟ ಏನಂದರೆ ಆ ರೋಗ ಎದ್ದು ಕಾಣುವುದು ಮಳೆ ಮುಗಿದ ಮೇಲೆ, ಅಕ್ಟೋಬರಿನಿಂದ ಡಿಸೆಂಬರ್ ತನಕ. ಮಳೆಗಾಲದಲ್ಲಿ ನೀರು ನಿಂತು ಕೊಳೆತ ಬೇರಿನ ಪರಿಣಾಮ ಮೇಲೆ ಕಾಣುವುದೂ ಅದೇ ಹೊತ್ತಿಗೆ. ಬೇರುಹುಳ ದೊಡ್ಡದಾಗಿ ಜೋರಾಗಿ ತಿನ್ನುವುದೂ ಹೆಚ್ಚುಕಡಿಮೆ ಆಗಲೇ. ಮೂರಕ್ಕೂ ಒಂದೇ ಕಾಲ, ಒಂದೇ ಬಣ್ಣ. ಹಾಗಾಗಿ ಕಾಲ ನೋಡಿ, ಬಣ್ಣ ನೋಡಿ ತೀರ್ಮಾನ ಮಾಡಲು ಬರುವುದಿಲ್ಲ.

ಸುಮಾರು ಹದಿನೈದು ವರ್ಷದ ಹಿಂದೆ ನಾನೇ ಈ ತಪ್ಪು ಮಾಡಿದ್ದೇನೆ. ಹೊಸನಗರ ಕಡೆಯ ಒಂದು ತೋಟ. ಸಂಜೆಯಾಗಿತ್ತು, ಮಳೆ ಬರುವ ಹಾಗಿತ್ತು. ದಾರಿಯಲ್ಲಿ ನಿಂತು ಮೇಲೆ ನೋಡಿ, ಕೆಳಗಿನ ಸೋಗೆ ತುದಿಯಿಂದ ಹಳದಿಯಾಗಿದೆ, ಪೊಟ್ಯಾಷ್ ಕೊರತೆ ಅಂತ ಹೇಳಿ ಬಂದೆ. ಆ ಯಜಮಾನರು ನನ್ನ ಮಾತು ನಂಬಿ ಎರಡು ವರ್ಷ ಪೊಟ್ಯಾಷ್ ಹಾಕಿದರು. ಮೂರನೇ ಮಳೆಗಾಲದಲ್ಲಿ ಅಂಥ ದೊಡ್ಡ ಗಾಳಿಯೇನೂ ಇಲ್ಲದೆ ನಾಲ್ಕು ಮರ ಬುಡಸಮೇತ ಮಗುಚಿ ಬಿದ್ದವು. ಬುಡದಲ್ಲಿ ಬೇರೇ ಇರಲಿಲ್ಲ, ಎಲ್ಲ ಹುಳ ತಿಂದಿತ್ತು. ಅವತ್ತು ಒಂದು ಗುದ್ದಲಿ ತರಿಸಿ ಅಗೆದು ನೋಡಿದ್ದರೆ ಹತ್ತು ನಿಮಿಷದ ಕೆಲಸ. ಆ ಮೇಲೆ ನಾನು ಬುಡ ಬಿಡಿಸಿ ನೋಡದೆ ಯಾವ ಅಡಿಕೆ ಮರಕ್ಕೂ ಹೆಸರು ಹೇಳಿಲ್ಲ.

ಈಗ ನೀವು ಮಾಡಬೇಕಾದದ್ದು ಹೇಳುತ್ತೇನೆ. ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ, ಯಾವುದು ಹಳದಿ ಅಂತ. ಚೆನ್ನಾಗಿರುವ ದೊಡ್ಡ ಅಡಿಕೆ ಮರದಲ್ಲಿ ಸಾಮಾನ್ಯವಾಗಿ 8ರಿಂದ 12 ಸೋಗೆ ಇರುತ್ತವೆ. ವರ್ಷಕ್ಕೆ ಆರೋ ಏಳೋ ಹೊಸದು ಬರುತ್ತವೆ, ಅಷ್ಟೇ ಹಳೆಯವು ಹಾಳೆಸಮೇತ ಬೀಳುತ್ತವೆ. ಅಂದರೆ ಯಾವಾಗ ನೋಡಿದರೂ ತೀರ ಕೆಳಗಿನ ಒಂದು ಸೋಗೆ ಹಳದಿ ಇದ್ದರೆ ಅದು ವಯಸ್ಸಾಗಿ ಬೀಳಲು ತಯಾರಾಗಿದೆ ಅಷ್ಟೇ, ರೋಗವಲ್ಲ. ಭಯದಲ್ಲಿ ಲೆಕ್ಕ ಹಾಕುವಾಗ ಇವೂ ಸೇರಿಬಿಡುತ್ತವೆ. ನಿಮ್ಮ 60 ಮರಗಳಲ್ಲಿ ಎರಡು, ಮೂರು, ನಾಲ್ಕು ಸೋಗೆ ಹಳದಿಯಾದ ಮರ ಎಷ್ಟು ಅಂತ ಮತ್ತೆ ಎಣಿಸಿ. ಹಾಗೆಯೇ ಮಂಡೆಯಲ್ಲಿ ಒಟ್ಟು ಎಷ್ಟು ಸೋಗೆ ಇವೆ ಅಂತಲೂ ನೋಡಿ. ಐದಾರೇ ಇದ್ದರೆ ಆ ಮರಕ್ಕೆ ತೊಂದರೆ ಶುರುವಾದದ್ದು ಈ ವರ್ಷವಲ್ಲ.

ಎಣಿಸುವಾಗ ಒಂದು ಕಾಗದದಲ್ಲಿ ತೋಟದ ನಕ್ಷೆ ಬರೆದುಕೊಳ್ಳಿ. ದೊಡ್ಡ ನಕ್ಷೆ ಬೇಡ, ಮಕ್ಕಳ ನೋಟ್‌ಬುಕ್ಕಿನ ಒಂದು ಪುಟ ಸಾಕು. ಸಾಲು ಸಾಲಾಗಿ ಚುಕ್ಕೆ ಇಡಿ, ಹಳದಿ ಮರಕ್ಕೆ ಸುತ್ತು ಹಾಕಿ. ದಾರಿ, ಕಾಲುವೆ, ಧರೆ (ಗುಡ್ಡದ ಬದಿಯ ಕಡಿದಾದ ಅಂಚು), ಬೋರ್‌ವೆಲ್ ಪೈಪು, ಪಕ್ಕದವರ ಬೇಲಿ ಎಲ್ಲ ಗುರುತು ಮಾಡಿ. ಈ ಒಂದು ಪುಟ ಕೆಲವೊಮ್ಮೆ ಲ್ಯಾಬಿಗಿಂತ ಚೆನ್ನಾಗಿ ಉತ್ತರ ಹೇಳುತ್ತದೆ. ಯಾಕಂದರೆ ಹುಳ, ರೋಗ ಇವೆಲ್ಲ ಜೀವ ಇರುವಂಥವು. ಒಂದು ಕಡೆ ಶುರುವಾಗಿ ಮೆಲ್ಲಗೆ ಹಬ್ಬುತ್ತವೆ, ಅಲ್ಲೊಂದು ಇಲ್ಲೊಂದು ಮರ, ಆಮೇಲೆ ಅದರ ಅಕ್ಕಪಕ್ಕ. ಗೆರೆ ಎಳೆದ ಹಾಗೆ ಬರುವುದಿಲ್ಲ. ಹಳದಿ ಮರಗಳು ದಾರಿಯ ಉದ್ದಕ್ಕೂ ಸಾಲಾಗಿ ಇದ್ದರೆ ಕಾರಣ ದಾರಿಯಲ್ಲೇ ಇದೆ. ಪೈಪಿನ ಕೊನೆಯಲ್ಲಿ ಮಾತ್ರ ಇದ್ದರೆ ಅಲ್ಲಿಗೆ ನೀರು ಸರಿಯಾಗಿ ಹೋಗುತ್ತಿಲ್ಲ. ಬೇಲಿಯ ಪಕ್ಕದ ಒಂದೆರಡು ಸಾಲು ಮಾತ್ರ ಅಂದರೆ ಆಚೆ ಯಾರಾದರೂ ಕಳೆನಾಶಕ ಹೊಡೆದಿದ್ದಾರಾ ಅಂತ ಕೇಳಬೇಕು. ಬರೀ ಪಶ್ಚಿಮದ ಅಂಚಿನ ಮರ ಅಂದರೆ ಮಧ್ಯಾಹ್ನದ ಮೇಲಿನ ಬಿಸಿಲನ್ನೂ ಯೋಚನೆ ಮಾಡಬೇಕು.

ಅದರ ಜೊತೆಗೆ ಅಡಿಕೆ ಬಿಟ್ಟು ಬೇರೆ ಗಿಡಗಳನ್ನೂ ನೋಡಿ. ಮರಕ್ಕೆ ಕಾಳುಮೆಣಸು ಹಬ್ಬಿಸಿದ್ದೀರಾ? ನಡುವೆ ಬಾಳೆ ಇದೆಯಾ? ಹಳದಿ ಮರದ ಮೇಲಿನ ಮೆಣಸಿನ ಬಳ್ಳಿಯೂ ಸೊರಗಿದ್ದರೆ, ಬಾಳೆಯೂ ಕೆಂಚಾಗಿದ್ದರೆ, ತೊಂದರೆ ಮಣ್ಣಿನಲ್ಲಿದೆ ಅನ್ನುವ ಅನುಮಾನ ಬಲವಾಗುತ್ತದೆ. ಬುಡದಲ್ಲಿ ನೀರು ನಿಲ್ಲುವುದನ್ನು ಮೆಣಸಿನ ಬಳ್ಳಿ ಅಡಿಕೆಗಿಂತ ಕಡಿಮೆ ತಡೆದುಕೊಳ್ಳುತ್ತದೆ, ಮೊದಲು ಸಾಯುವುದು ಅದೇ. ಹಳದಿ ಎಲೆ ರೋಗ ಹೀಗೆ ಸಿಕ್ಕಿದ ಗಿಡವನ್ನೆಲ್ಲ ಒಟ್ಟಿಗೆ ಹಳದಿ ಮಾಡುವುದಿಲ್ಲ.

ಮುಂದಿನದು, ಯಾವ ಸೋಗೆಯಲ್ಲಿ ಶುರುವಾಯಿತು ಅನ್ನುವುದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಲಘು ಪೋಷಕಾಂಶದ ಪುಡಿಗೆ ದುಡ್ಡು ಹಾಕುವ ಮೊದಲು ಪ್ರತಿ ರೈತನಿಗೂ ಇದು ಗೊತ್ತಿರಬೇಕು. ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಇವು ಗಿಡದೊಳಗೆ ಓಡಾಡುವ ಪೋಷಕಾಂಶಗಳು. ಕೊರತೆ ಆದಾಗ ಗಿಡ ಹಳೆ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ. ಮನೆಯಲ್ಲಿ ಊಟ ಕಡಿಮೆ ಬಿದ್ದರೆ ದೊಡ್ಡವರು ತಾವು ಬಿಟ್ಟು ಮಕ್ಕಳಿಗೆ ಬಡಿಸುತ್ತಾರಲ್ಲ, ಹಾಗೆ. ಅದಕ್ಕೇ ಇವುಗಳ ಕೊರತೆ ಕೆಳಗಿನ ಸೋಗೆಯಲ್ಲಿ ಕಾಣುತ್ತದೆ, ಸುಳಿ ಹಸಿರಾಗೇ ಇರುತ್ತದೆ. ಕಬ್ಬಿಣ, ಗಂಧಕ, ಬೋರಾನ್ ಇವು ಹಾಗೆ ಸುಲಭವಾಗಿ ಓಡಾಡುವುದಿಲ್ಲ. ಇವುಗಳ ಕೊರತೆ ಹೊಸ ಸೋಗೆಯಲ್ಲಿ, ಸುಳಿಯಲ್ಲಿ ಕಾಣುತ್ತದೆ. ನಿಮ್ಮ ಅಂಗಡಿಯವರು ಕೊಟ್ಟ ಪುಡಿಯ ಚೀಟಿ ನೋಡಿ. ಜಿಂಕ್, ಬೋರಾನ್, ಕಬ್ಬಿಣ ಅಂತ ಬರೆದಿದ್ದರೆ, ನಿಮ್ಮ ಮರದಲ್ಲಿ ಸುಳಿ ಹಸಿರಾಗಿದ್ದು ಕೆಳಗಿನ ಸೋಗೆ ಮಾತ್ರ ಹಳದಿ ಅಂತಾದರೆ, ಆ ಪುಡಿ ಕೆಲಸ ಮಾಡದೇ ಇದ್ದದ್ದರಲ್ಲಿ ಆಶ್ಚರ್ಯ ಇಲ್ಲ. ಇಲ್ಲದ ಕೊರತೆಗೆ ಕೊಟ್ಟ ಔಷಧಿ ಅದು.

ಕೆಳಗಿನ ಸೋಗೆಯಲ್ಲೂ ವ್ಯತ್ಯಾಸ ಇದೆ. ಸಾರಜನಕ ಸಾಲದಿದ್ದರೆ ಇಡೀ ಸೋಗೆ ಸಮನಾಗಿ ಬಿಳಿಚುತ್ತದೆ. ಪೊಟ್ಯಾಷ್ ಸಾಲದಿದ್ದರೆ ತುದಿ ಮತ್ತು ಅಂಚಿನಿಂದ ಕಿತ್ತಳೆ ಬೆರೆತ ಹಳದಿ ಬಂದು, ಅಲ್ಲೇ ಸುಟ್ಟ ಹಾಗೆ ಒಣಗುತ್ತದೆ. ಮೆಗ್ನೀಷಿಯಂ ಸಾಲದಿದ್ದರೆ ಅಂಚು ಗಾಢ ಹಳದಿ, ನಡುವೆ ಹಸಿರು ಪಟ್ಟಿ ಉಳಿಯುತ್ತದೆ. ಇನ್ನೊಂದು, ಕಂದು ಚುಕ್ಕೆ ಇದ್ದು ಚುಕ್ಕೆಯ ಸುತ್ತ ಹಳದಿ ಉಂಗುರ ಕಂಡರೆ ಅದು ಎಲೆಚುಕ್ಕೆ ರೋಗ. 2022ರ ಹೊತ್ತಿಗೆ ನಮ್ಮ ಮಲೆನಾಡಿನಲ್ಲಿ ಎಷ್ಟು ಜೋರಾಗಿತ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದಕ್ಕೆ ಮಾತ್ರ ಶಿಲೀಂಧ್ರನಾಶಕ ಬೇಕು. ನಿಮ್ಮ ಎರಡನೇ ಫೋಟೊದ ಸೋಗೆಯಲ್ಲಿ ಅಂಥ ಚುಕ್ಕೆ ನನಗೆ ಕಾಣಲಿಲ್ಲ.

ಇಷ್ಟಾದರೂ ಎಲೆ ನೋಡಿ ಪೋಷಕಾಂಶ ಕೊರತೆ ಅಂತ ತೀರ್ಮಾನ ಮಾಡಬೇಡಿ. ಮಣ್ಣಿನಲ್ಲಿ ಇಲ್ಲದ್ದಕ್ಕೆ ಕೊರತೆ ಬಂತಾ, ಅಥವಾ ಮಣ್ಣಿನಲ್ಲಿ ಇದ್ದರೂ ಬೇರಿಗೆ ಎಳೆದುಕೊಳ್ಳಲು ಆಗುತ್ತಿಲ್ಲವಾ, ಇದು ಎಲೆಯಿಂದ ತಿಳಿಯುವುದೇ ಇಲ್ಲ. ಕೊಳೆತ ಬೇರಿನ ಮರ, ಹುಳ ತಿಂದ ಮರ ಎರಡೂ ಮೇಲೆ ತೋರಿಸುವುದು ಪೊಟ್ಯಾಷ್ ಕೊರತೆಯ ಮುಖವನ್ನೇ. ನಾನು ಹೊಸನಗರದಲ್ಲಿ ಎಡವಿದ್ದು ಇಲ್ಲೇ.

ಅದಕ್ಕೇ ಅಗೆಯಿರಿ. ನಾಳೆ ಬೆಳಿಗ್ಗೆಯೇ ಅಗೆಯಿರಿ. ಮೂರು ಮರ ಆರಿಸಿಕೊಳ್ಳಿ. ತೀರಾ ಹಳದಿಯಾದದ್ದು ಒಂದು, ಈಗಷ್ಟೇ ಶುರುವಾದದ್ದು ಒಂದು, ಪೂರ್ತಿ ಚೆನ್ನಾಗಿರುವುದು ಒಂದು. ಚೆನ್ನಾಗಿರುವ ಮರವನ್ನು ಬಿಡಬೇಡಿ, ಅದಿಲ್ಲದೆ ಹೋಲಿಸಲು ಏನೂ ಇರುವುದಿಲ್ಲ. ಬುಡದಿಂದ ಒಂದೂವರೆ ಎರಡು ಅಡಿ ದೂರದಲ್ಲಿ, ಒಂದೇ ಮಗ್ಗುಲಲ್ಲಿ, ಎರಡು ಅಡಿ ಆಳಕ್ಕೆ ನಿಧಾನವಾಗಿ ಮಣ್ಣು ಬಿಡಿಸಿ. ಅಡಿಕೆಯ ಬೇರಿನ ಬಹುಪಾಲು ಬುಡದಿಂದ ಮೂರು ಅಡಿ ದೂರದೊಳಗೆ, ಎರಡು ಅಡಿ ಆಳದೊಳಗೇ ಇರುತ್ತದೆ. ಒಂದು ಮಗ್ಗುಲು ಅಗೆದರೆ ಮರಕ್ಕೆ ಏನೂ ಆಗುವುದಿಲ್ಲ.

ಅಗೆಯುವಾಗ ಮಣ್ಣಿನಲ್ಲಿ ಬಿಳಿ ಮೈಯ, ಕಂದು ತಲೆಯ, ಬಾಗಿ ಮಲಗಿದ ದಪ್ಪ ಗೊಣ್ಣೆ ಹುಳ ಸಿಕ್ಕಿದರೆ, ಬೇರಿನ ತುದಿಗಳು ಕಚ್ಚಿ ತುಂಡಾದ ಹಾಗಿದ್ದರೆ, ಬೇರಿನ ಗುಂಪೇ ತೆಳುವಾಗಿದ್ದರೆ, ಉತ್ತರ ಸಿಕ್ಕಿತು. ಈಗ ಡಿಸೆಂಬರಿನಲ್ಲಿ ಹುಳ ಬೆಳೆದು ದಪ್ಪ ಆಗಿರುತ್ತದೆ, ಕಣ್ಣಿಗೆ ಬೀಳದೇ ಇರುವುದಿಲ್ಲ. ಒಂದು ಹುಳ ಸಿಕ್ಕಿದ ಮಾತ್ರಕ್ಕೆ ಗಾಬರಿ ಬೇಡ, ಚೆನ್ನಾಗಿರುವ ಮರದ ಬುಡದಲ್ಲಿ ಎಷ್ಟಿವೆ ಅನ್ನುವುದನ್ನೂ ಎಣಿಸಿ. ಹಳದಿ ಮರದಲ್ಲಿ ಆರೇಳು, ಒಳ್ಳೆ ಮರದಲ್ಲಿ ಸೊನ್ನೆ ಅಂದರೆ ಮಾತು ಮುಗಿಯಿತು.

ಹುಳ ಇಲ್ಲದೆ ಬೇರು ಕಪ್ಪಾಗಿದ್ದರೆ ಒಂದು ಬೇರನ್ನು ಎರಡು ಬೆರಳಿನ ನಡುವೆ ಹಿಡಿದು ಎಳೆಯಿರಿ. ಮೇಲಿನ ಸಿಪ್ಪೆ ಮೆತ್ತಗೆ ಕಳಚಿ, ಒಳಗೆ ದಾರದಂಥ ಎಳೆ ಮಾತ್ರ ಕೈಯಲ್ಲಿ ಉಳಿದರೆ ಆ ಬೇರು ಕೊಳೆತಿದೆ. ಮೂಗಿನ ಹತ್ತಿರ ಹಿಡಿಯಿರಿ, ಕೊಚ್ಚೆ ವಾಸನೆ ಬರುತ್ತದಾ ನೋಡಿ. ಮಣ್ಣಿನ ಬಣ್ಣವನ್ನೂ ನೋಡಿ. ನಿಮ್ಮದು ಹಳೆ ಗದ್ದೆ ಅಂದಿರಿ. ಗದ್ದೆಯಲ್ಲಿ ವರ್ಷಾನುಗಟ್ಟಲೆ ಕೆಸರು ಉತ್ತು ಉತ್ತು ಕೆಳಗೆ ಒಂದು ಗಟ್ಟಿ ಪದರ ಕೂತಿರುತ್ತದೆ, ನೀರು ಅದನ್ನು ದಾಟಿ ಕೆಳಗೆ ಇಳಿಯುವುದಿಲ್ಲ. ಆ ಮಟ್ಟದಲ್ಲಿ ಮಣ್ಣು ಬೂದು ಅಥವಾ ನೀಲಿ ಛಾಯೆಯಲ್ಲಿದ್ದು, ನಡುವೆ ತುಕ್ಕಿನ ಬಣ್ಣದ ಗೆರೆಗಳಿದ್ದರೆ ಅಲ್ಲಿ ತಿಂಗಳುಗಟ್ಟಲೆ ನೀರು ನಿಂತಿತ್ತು ಅಂತ ಮಣ್ಣೇ ಹೇಳಿದ ಹಾಗೆ.

ಇನ್ನೊಂದು ಸುಲಭದ ಪರೀಕ್ಷೆ. ಹಳದಿ ಮರಗಳ ನಡುವೆ ಒಂದು, ಒಳ್ಳೆ ಮರಗಳ ನಡುವೆ ಒಂದು, ಎರಡೂವರೆ ಅಡಿ ಆಳದ ಗುಂಡಿ ತೆಗೆಸಿ, ರಾತ್ರಿ ಹಾಗೇ ಬಿಡಿ. ಆ ದಿನ ತೋಟಕ್ಕೆ ನೀರು ಬಿಡಬೇಡಿ. ಬೆಳಿಗ್ಗೆ ಹೋಗಿ ನೋಡಿ. ಒಂದು ಗುಂಡಿ ಒಣಗಿದ್ದು ಇನ್ನೊಂದರಲ್ಲಿ ಮೊಣಕಾಲುದ್ದ ನೀರು ನಿಂತಿದ್ದರೆ, ಡಿಸೆಂಬರಿನಲ್ಲೇ ಹೀಗಾದರೆ, ಜುಲೈ ಆಗಸ್ಟಿನಲ್ಲಿ ಆ ಬೇರುಗಳು ಹೇಗೆ ಉಸಿರಾಡಿರಬೇಕು ಅಂತ ನೀವೇ ಯೋಚಿಸಿ.

ನನ್ನ ಅನುಮಾನ ಇದರ ಮೇಲೇ ಇದೆ. ಹೋದ ವರ್ಷ ಕಾಲುವೆ ಮುಚ್ಚಿದಿರಿ, ಒಂದು ಪೂರ್ತಿ ಮಳೆಗಾಲ ಕಳೆಯಿತು, ಅದು ಮುಗಿದ ಕೂಡಲೇ ಹಳದಿ ಕಂಡಿತು, ಒಂದೇ ಸಲಕ್ಕೆ 60 ಮರ. ಹಳದಿ ಎಲೆ ರೋಗ ಒಂದು ವರ್ಷದಲ್ಲಿ ಏನೂ ಇಲ್ಲದ ತೋಟದ 60 ಮರಕ್ಕೆ ಒಟ್ಟಿಗೆ ಹೀಗೆ ಬರುವುದು ಅಪರೂಪ. ಆದರೆ ಇದು ಅನುಮಾನ, ತೀರ್ಪಲ್ಲ. ನಕ್ಷೆ ಮತ್ತು ಗುಂಡಿ ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಇದನ್ನು ಒಪ್ಪಿಕೊಳ್ಳಿ.

ಬುಡದ ಹತ್ತಿರ ಇದ್ದಾಗಲೇ ಕಾಂಡವನ್ನೂ ಒಮ್ಮೆ ನೋಡಿಬಿಡಿ. ನೆಲದಿಂದ ಮೂರು ಅಡಿ ತನಕ ಕಂದು ಕಲೆ ಇದ್ದು ಕಂದು ರಸ ಸೋರುತ್ತಿದ್ದರೆ, ಹೊರಗಿನ ಸೋಗೆಗಳು ಬಾಡಿ ಕಾಂಡಕ್ಕೆ ಅಂಟಿದ ಹಾಗೆ ಜೋತು ಬಿದ್ದಿದ್ದರೆ, ಬುಡದಲ್ಲಿ ಗಟ್ಟಿ ಅಣಬೆ ಎದ್ದಿದ್ದರೆ, ಅದು ಗ್ಯಾನೊಡರ್ಮಾ ಅನ್ನುವ ಶಿಲೀಂಧ್ರದ ಅಣಬೆ ರೋಗ. ಚಿತ್ರದುರ್ಗ, ತುಮಕೂರು ಕಡೆಯ ಬಯಲುಸೀಮೆ ತೋಟಗಳಲ್ಲಿ ಜಾಸ್ತಿ. ನಿಮ್ಮ ಕಡೆಯೂ ಇಲ್ಲ ಅಂತಲ್ಲ. ಅದು ಬೇರಿನಿಂದ ಬೇರಿಗೆ ದಾಟುತ್ತದೆ, ಆದ್ದರಿಂದ ಆ ಮರದ ಸುತ್ತ ಎರಡು ಅಡಿ ಆಳ, ಒಂದು ಅಡಿ ಅಗಲದ ಕಂದಕ ತೆಗೆದು ಬೇರ್ಪಡಿಸಬೇಕು, ಸುತ್ತಲಿನ ಮರಗಳಿಗೆ ವರ್ಷಕ್ಕೆ ಎರಡು ಕೆಜಿ ಬೇವಿನ ಹಿಂಡಿ ಕೊಡಬೇಕು. ನಿಮ್ಮ ಪತ್ರದಲ್ಲಿ ಅದರ ಸುಳಿವು ಇಲ್ಲ, ಆದರೂ ನೋಡಿ.

ಈಗ ನಿಮ್ಮ ನಿದ್ದೆ ಕೆಡಿಸಿದ ಹೆಸರಿಗೆ ಬರುತ್ತೇನೆ. ಹಳದಿ ಎಲೆ ರೋಗ ಮೊದಲು ವರದಿಯಾದದ್ದು 1914ರಲ್ಲಿ, ಕೇರಳದಲ್ಲಿ. ಇದಕ್ಕೆ ಕಾರಣ ಫೈಟೋಪ್ಲಾಸ್ಮಾ ಅನ್ನುವ, ಬ್ಯಾಕ್ಟೀರಿಯಾ ಜಾತಿಗೆ ಸೇರಿದ, ಆದರೆ ಅದಕ್ಕಿರುವ ಹೊರಗೋಡೆ ಇಲ್ಲದ ತೀರಾ ಸಣ್ಣ ಜೀವಿ. ಇಂಥದ್ದೊಂದು ಜೀವಿ ಗಿಡಗಳಲ್ಲಿ ರೋಗ ತರುತ್ತದೆ ಅಂತ ವಿಜ್ಞಾನಕ್ಕೆ ಗೊತ್ತಾದದ್ದೇ 1967ರಲ್ಲಿ, ಜಪಾನಿನಲ್ಲಿ. ಅಂದರೆ ರೋಗ ಕಂಡು ಐವತ್ತು ವರ್ಷದ ತನಕ ಇದರ ಕಾರಣ ಹುಡುಕಲು ಬೇಕಾದ ತಿಳಿವಳಿಕೆಯೇ ಯಾರಿಗೂ ಇರಲಿಲ್ಲ. ಇದು ಎಲೆಯ ರಸನಾಳದಲ್ಲಿ ಕೂರುತ್ತದೆ, ರಸ ಹೀರುವ ಒಂದು ಬಗೆಯ ಜಿಗಿಹುಳದಿಂದ ಮರದಿಂದ ಮರಕ್ಕೆ ಹೋಗುತ್ತದೆ. ನಮ್ಮಲ್ಲಿ ಶೃಂಗೇರಿ, ಕೊಪ್ಪ ಮತ್ತು ಸುಳ್ಯದ ಕೆಲವು ಊರುಗಳನ್ನು ಇದು ಹಾಳು ಮಾಡಿದೆ. ಆ ಊರಿನ ತೋಟಗಳಲ್ಲಿ ಓಡಾಡಿದವರಿಗೆ ಈ ಹೆಸರನ್ನು ಸುಮ್ನೆ ಬಾಯಿಗೆ ಬಂದ ಹಾಗೆ ಆಡಲು ಮನಸ್ಸು ಬರುವುದಿಲ್ಲ.

ಇದರ ಗುರುತು ಹೀಗೆ. ಹೊರಗಿನ ಸುತ್ತಿನ ಎರಡು ಮೂರು ಸೋಗೆಗಳಲ್ಲಿ ಎಲೆಯ ತುದಿಯಿಂದ ಹಳದಿ ಶುರುವಾಗಿ ಒಳಗೆ ಬರುತ್ತದೆ, ನಡುನರ ಮಾತ್ರ ಹಸಿರಾಗಿ ಉಳಿಯುತ್ತದೆ, ಆಮೇಲೆ ತುದಿ ಒಣಗುತ್ತದೆ. ವರ್ಷ ಕಳೆದ ಹಾಗೆ ಸೋಗೆ ಗಿಡ್ಡವಾಗಿ ಬಿರುಸಾಗುತ್ತದೆ, ಮಂಡೆ ಸಣ್ಣದಾಗುತ್ತದೆ. ಬೇರಿನ ತುದಿ ಕಪ್ಪಾಗಿ ಕೊಳೆಯುತ್ತದೆ. ಗಮನಿಸಿದಿರಾ, ಇಲ್ಲೂ ಬೇರು ಕಪ್ಪು. ಹಾಗಾಗಿ ಬೇರು ಕಪ್ಪಾಗಿದೆ ಅಂತ ನೀರನ್ನೇ ದೂರಿ ಕೂರುವಂತೆಯೂ ಇಲ್ಲ. ಅದಕ್ಕೇ ಕಾಯಿ ನೋಡಬೇಕು. ಕೊನೆಗಾರರನ್ನು (ಮರ ಹತ್ತಿ ಅಡಿಕೆ ಕೊಯ್ಯುವವರನ್ನು) ಕರೆಸಿ ಹಳದಿ ಮರದಿಂದ ಹತ್ತು ಕಾಯಿ, ಒಳ್ಳೆ ಮರದಿಂದ ಹತ್ತು ಕಾಯಿ, ಒಂದೇ ಬೆಳವಣಿಗೆಯವು ಇಳಿಸಿ, ಅಡ್ಡಕ್ಕೆ ಕೊಯ್ದು ಪಕ್ಕಪಕ್ಕ ಇಡಿ. ರೋಗ ಇರುವ ಮರದ ಕಾಯಿಯ ತಿರುಳು ಕಂದಾಗಿ ಕಪ್ಪಾಗಿ, ಮೆತ್ತಗೆ ಬೆಂಡಿನ ಹಾಗಿರುತ್ತದೆ. ತಿರುಳು ಚೆನ್ನಾಗಿದ್ದು ಬರೀ ಹರಳು ಉದುರುತ್ತಿದ್ದರೆ ಅದು ಈ ರೋಗವನ್ನೇ ತೋರಿಸುವುದಿಲ್ಲ, ಸುಸ್ತಾದ ಯಾವ ಮರವೂ ಹರಳು ಉದುರಿಸುತ್ತದೆ.

ಇವೆಲ್ಲ ನೋಡಿದ ಮೇಲೂ ಅನುಮಾನ ಉಳಿದರೆ ಪ್ರಯೋಗಾಲಯದಲ್ಲಿ ಪಿಸಿಆರ್ ಪರೀಕ್ಷೆ, ಅಂದರೆ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ, ಮಾಡಿಸಬೇಕು. ವಿಟ್ಲದಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ, ನಿಮಗೆ ಹತ್ತಿರದಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಇದೆ. ಮೊದಲು ಫೋನ್ ಮಾಡಿ ಯಾವ ಭಾಗದ ಮಾದರಿ ತರಬೇಕು, ಹೇಗೆ ತರಬೇಕು ಅಂತ ಕೇಳಿಕೊಂಡು ಹೋಗಿ. ಬಾಡಿದ ಸೋಗೆಯ ತುಂಡು ಚೀಲಕ್ಕೆ ತುರುಕಿ ಒಯ್ದರೆ ಪ್ರಯೋಜನ ಇಲ್ಲ.

ಅಕಸ್ಮಾತ್ ಅದೇ ರೋಗ ಅಂತ ಆದರೆ? ನೇರವಾಗಿ ಹೇಳುತ್ತೇನೆ, ಗುಣಪಡಿಸುವ ಔಷಧಿ ಇಲ್ಲ. ಟೆಟ್ರಾಸೈಕ್ಲಿನ್ ಗುಂಪಿನ ಆ್ಯಂಟಿಬಯೋಟಿಕ್ ಫೈಟೋಪ್ಲಾಸ್ಮಾವನ್ನು ಸ್ವಲ್ಪ ಕಾಲ ಅಡಗಿಸುತ್ತದೆ, ಬಿಟ್ಟ ಮೇಲೆ ರೋಗ ಮರಳುತ್ತದೆ, ತೋಟಕ್ಕೆ ಅದು ದಾರಿಯಲ್ಲ. ಶಿಲೀಂಧ್ರನಾಶಕ ಅಂತೂ ಇದಕ್ಕೆ ತಾಗುವುದೇ ಇಲ್ಲ, ಇದು ಶಿಲೀಂಧ್ರವೇ ಅಲ್ಲವಲ್ಲ. ಆದರೂ ತಕ್ಷಣ ಕಡಿಯಬೇಕಾಗಿಲ್ಲ. ಚೆನ್ನಾಗಿ ಗೊಬ್ಬರ ಕೊಟ್ಟು, ನೀರು ಬಸಿಯುವ ಹಾಗೆ ಮಾಡಿದ ತೋಟದಲ್ಲಿ ರೋಗದ ಮರವೂ ಕೆಲವು ವರ್ಷ ಫಸಲು ಕೊಡುತ್ತದೆ. ಆ ಸಮಯದಲ್ಲಿ ಮೆಣಸು, ಕೋಕೊ, ಕಾಫಿ ಅಂತ ಬೇರೆ ಆದಾಯಕ್ಕೆ ತೋಟವನ್ನು ತಯಾರು ಮಾಡಿಕೊಳ್ಳಬಹುದು. ಒಂದು ಎಚ್ಚರಿಕೆ, ರೋಗ ಇರುವ ಊರಿನಿಂದ ಸಸಿ ತರಬೇಡಿ.

ಇನ್ನು ನೀರೇ ಕಾರಣ ಅಂತ ಗೊತ್ತಾದರೆ ಕೆಲಸ ಸರಳ, ಆದರೆ ಬೆವರಿನದ್ದು. ಮುಚ್ಚಿದ ಬಸಿಗಾಲುವೆ ತೆರೆಯಬೇಕು. ದಾರಿ ಬೇಕೇ ಬೇಕು ಅಂದರೆ ದಾರಿಯ ಕೆಳಗೆ ದೊಡ್ಡ ಸಿಮೆಂಟ್ ಪೈಪ್ ಹಾಕಿಸಿ, ಕಾಲುವೆಯ ತಳಕ್ಕೆ ಪೈಪಿನ ತಳ ಸಮ ಬರುವ ಹಾಗೆ. ಪೈಪ್ ಮೇಲೆ ಕೂತರೆ ಅದರ ಕೆಳಗಿನ ನೀರು ಹಾಗೇ ನಿಲ್ಲುತ್ತದೆ, ಎಷ್ಟೋ ಕಡೆ ಈ ತಪ್ಪು ನೋಡಿದ್ದೇನೆ. ಕಾಲುವೆಯ ತಳ ಬೇರಿನ ಮಟ್ಟಕ್ಕಿಂತ ಕೆಳಗಿರಬೇಕು, ಎರಡೂವರೆ ಮೂರು ಅಡಿ. ಎಲ್ಲದಕ್ಕಿಂತ ಮುಖ್ಯ, ಕೊನೆಯಲ್ಲಿ ನೀರು ಹೊರಗೆ ಹರಿದು ಹೋಗಲು ಜಾಗ ಇರಬೇಕು, ಹಳ್ಳದ ಬಾಯಿ ಹೂಳು ತುಂಬಿದ್ದರೆ ಮೇಲೆ ಎಷ್ಟು ಕಾಲುವೆ ತೆಗೆದರೂ ಅದು ಉದ್ದದ ಕೆರೆ ಅಷ್ಟೇ. ಮೇಲಿನ ಗುಡ್ಡದ ನೀರು ತೋಟಕ್ಕೆ ಇಳಿಯದ ಹಾಗೆ ಧರೆಯ ಬುಡದಲ್ಲೂ ಒಂದು ಕಾಲುವೆ ಬೇಕು. ಈಗ ಡಿಸೆಂಬರ್, ಏಪ್ರಿಲ್ ಒಳಗೆ ಆರಾಮವಾಗಿ ಆಗುತ್ತದೆ.

ಬೇರುಹುಳ ಕಾರಣ ಅಂತಾದರೆ ಈಗ ಔಷಧಿ ಸುರಿದು ಜಾಸ್ತಿ ಲಾಭ ಇಲ್ಲ. ಹುಳ ದೊಡ್ಡದಾಗಿದೆ, ಔಷಧಿ ತಡೆದುಕೊಳ್ಳುತ್ತದೆ. ಬುಡ ಬಿಡಿಸುವಾಗ ಸಿಕ್ಕಿದ್ದನ್ನು ಆರಿಸಿ ಕೊಲ್ಲಿ. ನಿಜವಾದ ಸಮಯ ಬರುವುದು ಮುಂದಿನ ಮುಂಗಾರಿನಲ್ಲಿ. ಮೊದಲ ಒಳ್ಳೆ ಮಳೆ ಬಿದ್ದ ಮೇಲಿನ ಸಂಜೆಗಳಲ್ಲಿ, ಕತ್ತಲಾಗುವ ಹೊತ್ತಿಗೆ, ಕಂದು ದುಂಬಿಗಳು ನೆಲದಿಂದ ಗುಂಪಾಗಿ ಏಳುತ್ತವೆ. ಆಗ ಮನೆಮಂದಿಯೆಲ್ಲ ಹಿಡಿದು ಕೊಂದರೆ ಮೊಟ್ಟೆಯೇ ಬೀಳುವುದಿಲ್ಲ. ಅಕ್ಕಪಕ್ಕದ ತೋಟದವರೂ ಒಟ್ಟಿಗೆ ಮಾಡಬೇಕು, ದುಂಬಿಗೆ ಬೇಲಿ ಇಲ್ಲ. ಬುಡಕ್ಕೆ ಔಷಧಿ ಕೊಡುವುದಾದರೆ ಹುಳ ಸಣ್ಣದಿರುವಾಗ, ಜೂನ್ ಕೊನೆಯಿಂದ ಜುಲೈಯಲ್ಲಿ. ಯಾವುದು, ಎಷ್ಟು ಅನ್ನುವುದನ್ನು ಆಗಿನ ಶಿಫಾರಸು ನೋಡಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ತೋಟದಲ್ಲಿ ಬಾವಿ ಇದ್ದರೆ ಅದನ್ನೂ ಹೇಳಿ ಕೇಳಿ.

ಕಾರಣ ಏನೇ ಇರಲಿ ಮಣ್ಣು ಪರೀಕ್ಷೆ ಮಾಡಿಸಿ. ಹಳದಿ ಜಾಗದ್ದು ಬೇರೆ ಚೀಲ, ಒಳ್ಳೆ ಜಾಗದ್ದು ಬೇರೆ ಚೀಲ. ಎರಡನ್ನೂ ಕಲಸಿ ಒಯ್ದರೆ ಬರುವ ರಿಪೋರ್ಟು ನಿಮ್ಮ ತೋಟದ ಯಾವ ಮರದ್ದೂ ಆಗಿರುವುದಿಲ್ಲ. ಒಂದೊಂದು ಜಾಗದಲ್ಲಿ ಹತ್ತು ಹನ್ನೆರಡು ಕಡೆ, ಬುಡದಿಂದ ಎರಡು ಮೂರು ಅಡಿ ದೂರ, ಒಂದು ಅಡಿ ಆಳದ ತನಕದ ಮಣ್ಣು ತೆಗೆದು ಬೆರೆಸಿ, ಅದರಲ್ಲಿ ಅರ್ಧ ಕೆಜಿ ಸಾಕು. ಮಲೆನಾಡಿನ ಮಣ್ಣು ಸಾಮಾನ್ಯವಾಗಿ ಹುಳಿ, ಸುಣ್ಣ ಕೇಳುತ್ತದೆ. ಆದರೆ ರಿಪೋರ್ಟು ನೋಡದೆ ಸುಣ್ಣ ಸುರಿದರೆ ಕಬ್ಬಿಣ, ಜಿಂಕ್ ಮಣ್ಣಿನಲ್ಲಿದ್ದೂ ಬೇರಿಗೆ ಸಿಗದ ಹಾಗಾಗುತ್ತದೆ. ಪೊಟ್ಯಾಷ್ ಅತಿಯಾದರೆ ಮೆಗ್ನೀಷಿಯಂ ಒಳಗೆ ಹೋಗಲು ಬಿಡುವುದಿಲ್ಲ.

ನೀವು ಗೊಬ್ಬರ ಎಷ್ಟು ಕೊಡುತ್ತೀರಿ ಅಂತ ಬರೆದಿಲ್ಲ. ಫಸಲಿನ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಅನ್ನುವುದು ಶಿಫಾರಸು, ಜೊತೆಗೆ 12 ಕೆಜಿ ಕೊಟ್ಟಿಗೆ ಗೊಬ್ಬರ, 12 ಕೆಜಿ ಹಸಿರು ಸೊಪ್ಪು. ಚೀಲದ ಲೆಕ್ಕದಲ್ಲಿ ಸುಮಾರು 220 ಗ್ರಾಂ ಯೂರಿಯಾ, 200 ಗ್ರಾಂ ಶಿಲಾರಂಜಕ, 235 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಎರಡು ಕಂತು, ಮುಂಗಾರಿನ ಆರಂಭದಲ್ಲಿ ಒಂದು, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಒಂದು. ಆದರೆ ಆ 60 ಮರಗಳ ಬೇರು ಕೊಳೆತಿದ್ದರೆ ಅವಕ್ಕೆ ಈಗಲೇ ಹಾಕಬೇಡಿ, ಎಳೆದುಕೊಳ್ಳಲು ಬೇರೇ ಇರುವುದಿಲ್ಲ. ನೀರು ಬಸಿದು ಹೊಸ ಬಿಳಿ ಬೇರು ಕಂಡ ಮೇಲೆ ಕೊಡಿ.

ಸರಿಯಾದ ಕೆಲಸ ಮಾಡಿದ ಮೇಲೂ ಎರಡು ತಿಂಗಳಲ್ಲಿ ಮರ ಹಸಿರಾಗುವುದಿಲ್ಲ, ಅಂಗಡಿಯವರ ಮೇಲೆ ಕೋಪ ಬಂದ ಹಾಗೆ ನನ್ನ ಮೇಲೂ ಬರಬಾರದು. ಹಳದಿಯಾಗಿ ತುದಿ ಒಣಗಿದ ಸೋಗೆ ಮತ್ತೆ ಹಸಿರಾಗುವುದಿಲ್ಲ, ಅದು ಬೀಳಲೇಬೇಕು. ವರ್ಷಕ್ಕೆ ಆರೇಳು ಹೊಸ ಸೋಗೆ ಅಂದರೆ ಪೂರ್ತಿ ಮಂಡೆ ಬದಲಾಗಲು ಒಂದೂವರೆ ವರ್ಷ ಬೇಕು. ಅಲ್ಲಿ ತನಕ ಹಳೆ ಸೋಗೆ ನೋಡಿ ಅಳತೆ ಮಾಡಬೇಡಿ, ಹೊಸದಾಗಿ ಬಿಚ್ಚಿದ ಸೋಗೆಗೆ ಪೇಂಟಿನಿಂದ ಒಂದು ಗುರುತು ಹಾಕಿ ಅದು ಕೆಳಗಿಳಿಯುತ್ತಾ ಎಷ್ಟು ಕಾಲ ಹಸಿರಾಗಿ ಇರುತ್ತದೆ ಅಂತ ನೋಡುತ್ತಾ ಹೋಗಿ.

ಸದ್ಯಕ್ಕೆ ನನಗೆ ಬೇಕಾದದ್ದು ಇಷ್ಟು. ನಿಮ್ಮ ಕೈಬರಹದ ನಕ್ಷೆಯ ಫೋಟೊ. ಮೂರು ಮರದ ಬೇರು ತೊಳೆದು, ಒಂದು ಬಿಳಿ ಬಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟ ಫೋಟೊ. ಕೊಯ್ದ ಕಾಯಿಗಳ ಫೋಟೊ, ಯಾವ ಮರದ್ದು ಯಾವುದು ಅಂತ ಚೀಟಿ ಇಟ್ಟು. ಬೆಳಿಗ್ಗೆ ಗುಂಡಿಯಲ್ಲಿ ಎಷ್ಟು ನೀರಿತ್ತು ಅನ್ನುವ ಅಳತೆ. ಸೋಗೆಯ ಫೋಟೊ ತೆಗೆಯುವುದಾದರೆ ಬಿಸಿಲಿಗೆ ಬೆನ್ನು ಹಾಕಿ, ಸೋಗೆಯನ್ನು ನೆಲದ ಮೇಲೆ ಇಟ್ಟು, ಮೇಲ್ಭಾಗ ಒಂದು, ಕೆಳಭಾಗ ಒಂದು ತೆಗೆಯಿರಿ. ಪಕ್ಕದ ತೋಟದವರು ಗುಂಡಿ ತೆಗೆಯುವಾಗ ಇದ್ದರೆ ಒಳ್ಳೆಯದು, ಅವರನ್ನೂ ಕರೆಯಿರಿ. ಅವರ ತೋಟದ ನೀರು ಹೋಗುವುದೂ ನಿಮ್ಮ ಕಾಲುವೆಯಿಂದಲೇ ಇರಬಹುದು.